ಸರ್ಫ್–1 ಎಂಬ ವಂಶವಾಹಿ

ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡಗಳನ್ನು ಓದುವ ಬಿ.ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳು ಜೀವವಿಜ್ಞಾನದ ವಿಷಯವೊಂದನ್ನು ಕುರಿತು ಬರೆಯಹೊರಟಿರುವುದು ಅಧಿಕಪ್ರಸಂಗವೆಂದು ಕೆಲವರಿಗಾದರೂ ತೋರಬಹುದು. ಆ ಶಾಸ್ತ್ರವನ್ನು ಬಲ್ಲವರು ತಪ್ಪು ಕಂಡಲ್ಲಿ ತಿದ್ದಬೇಕೆಂದು ಮೊದಲೇ ಬೇಡಿಕೊಳ್ಳುತ್ತೇನೆ. ಪರೀಕ್ಷೆಗೆ ಬೇಕಿಲ್ಲದ ಈ ವಿಷಯವನ್ನು ನಾನು ಓದಿದ್ದು ಹವ್ಯಾಸದಿಂದಲ್ಲ. ನಮ್ಮ ಮನೆಗೆ ಬಂದ ಒಂದು ಕಾಗದವನ್ನು ಓದಿ ಅರ್ಥ ಹೇಳಬಲ್ಲವರು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಾವು ಸತ್ಯಮಂಗಲದವರು. ತಂದೆ ಗಾರೆ ಕೆಲಸದ ಮೇಸ್ತ್ರಿ. ತಾಯಿಗೆ ರುಜು ಹಾಕುವಷ್ಟು ಅಕ್ಷರ ಬರುತ್ತದೆ. ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ ಆದ್ದರಿಂದ ಕೋರ್ಟಿನ ನೋಟೀಸಿನಿಂದ ಹಿಡಿದು ಮಾತ್ರೆಯ ಚೀಟಿಯವರೆಗೆ ಎಲ್ಲವೂ ನನ್ನ ಕೈಗೇ ಬರುತ್ತವೆ.

ಆ ಕಾಗದ ನನ್ನ ಅಕ್ಕನ ಮಗುವಿನ ರಕ್ತಪರೀಕ್ಷೆಯ ವರದಿ. ಅದರ ನಡುವೆ ದಪ್ಪಕ್ಷರದಲ್ಲಿ ಸರ್ಫ್–1 ಎಂದಿತ್ತು. ಅಮ್ಮ ಕೇಳಿಸಿಕೊಂಡು, “ಬಟ್ಟೆ ಒಗಿಯೋ ಪುಡಿಗೂ ಮಗೀಗೂ ಏನೆ ಸಂಬಂಧ?” ಎಂದಳು. ನಗುವ ಹೊತ್ತಾಗಿರಲಿಲ್ಲ. ಮಗು ತೀರಿಕೊಂಡು ಆಗಲೇ ಹನ್ನೊಂದು ದಿನವಾಗಿತ್ತು.

ನಡೆದದ್ದನ್ನು ಚುಟುಕಾಗಿ ಹೇಳುತ್ತೇನೆ. ಅಕ್ಕನನ್ನು ನಮ್ಮ ಸೋದರಮಾವನಿಗೇ, ಎಂದರೆ ಅಮ್ಮನ ಕೊನೆಯ ತಮ್ಮನಿಗೇ ಕೊಟ್ಟಿದೆ. ಮನೆ ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಗಂಡುಮಗು ಹುಟ್ಟಿತು, ಎಲ್ಲ ಮಕ್ಕಳಂತೆ ಕತ್ತು ನಿಲ್ಲಿಸಿತು, ಮಗುಚಿಕೊಂಡಿತು, ಎಂಟು ತಿಂಗಳಿಗೆ ಕುಳಿತಿತು. ಹತ್ತನೆಯ ತಿಂಗಳಲ್ಲಿ ಒಂದು ಜ್ವರ ಬಂದು ಹೋಯಿತು. ಜ್ವರ ಹೋಯಿತೇ ಹೊರತು ಕುಳಿತುಕೊಳ್ಳುವ ಶಕ್ತಿ ಮರಳಲಿಲ್ಲ. ಹಾಲು ನುಂಗುವುದು ಕಷ್ಟವಾಯಿತು, ಕಣ್ಣುಗುಡ್ಡೆ ಎಲ್ಲೆಲ್ಲೋ ಓಡತೊಡಗಿತು, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತಿತ್ತು. ಒಂದು ಕಡೆ ಬರಿಯ ನಿಶ್ಶಕ್ತಿಯೆಂದು ಎರಡು ತಿಂಗಳು ಟಾನಿಕ್ ಕುಡಿಸಿದರು. ಬಾಲಗ್ರಹವೆಂದು ಹಳ್ಳಿಯಲ್ಲಿ ತಾಯಿತ ಕಟ್ಟಿದರು. ನಮ್ಮಜ್ಜಿ, ಎಂದರೆ ಅಕ್ಕನಿಗೆ ಅಜ್ಜಿಯೂ ಹೌದು ಅತ್ತೆಯೂ ಹೌದು, “ಇವಳ ಹಾಲೇ ಕೆಟ್ಟದ್ದು” ಎಂದುಬಿಟ್ಟಳು. ಕೊನೆಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಒಯ್ದಾಗ ಮಿದುಳಿನ ಎಂ.ಆರ್.ಐ. ಚಿತ್ರ ತೆಗೆದರು, ರಕ್ತದಲ್ಲಿ ಲ್ಯಾಕ್ಟೇಟ್ ಅಳೆದರು, ಅದು ಮೂರು ಪಾಲು ಹೆಚ್ಚಿತ್ತು. ಲೀ ರೋಗವೆಂದರು. ಒಂದು ವರ್ಷ ಹತ್ತು ತಿಂಗಳಿಗೆ ಮಗು ಹೋಯಿತು.

ಈ ರೋಗಕ್ಕೆ ಹೆಸರು ಬಂದದ್ದು ಡೆನಿಸ್ ಲೀ ಎಂಬ ಬ್ರಿಟಿಷ್ ವೈದ್ಯರಿಂದ. ಹೀಗೆಯೇ ಸೊರಗಿ ಸತ್ತ ಒಂದು ಶಿಶುವಿನ ಮಿದುಳನ್ನು ಪರೀಕ್ಷಿಸಿ ಅವರು 1951ರಲ್ಲಿ ಮೊದಲ ವರದಿಯನ್ನು ಬರೆದರು. ಮಿದುಳಿನ ಆಳದಲ್ಲಿ, ಉಸಿರು ನುಂಗು ನೋಟಗಳನ್ನು ಆಳುವ ಭಾಗಗಳಲ್ಲಿ, ಎಡಬಲ ಎರಡೂ ಕಡೆ ಸಮನಾಗಿ ಅಂಗಾಂಶ ಸತ್ತಿರುವುದು ಇದರ ಗುರುತು. ಆದರೆ ಅದು ಏಕೆ ಸಾಯುತ್ತದೆಂಬುದು ತಿಳಿಯಲು ಅರ್ಧ ಶತಮಾನವೇ ಹಿಡಿಯಿತು. ಅದನ್ನು ಹೇಳಬೇಕಾದರೆ ದೇಹ ಶಕ್ತಿಯನ್ನು ಹುಟ್ಟಿಸುವ ಬಗೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

ನಾವು ತಿಂದ ರಾಗಿಮುದ್ದೆ ನೇರವಾಗಿ ಶಕ್ತಿಯಾಗುವುದಿಲ್ಲ. ಅದು ಸಕ್ಕರೆಯಾಗಿ ರಕ್ತಕ್ಕೆ ಸೇರಿ, ಜೀವಕೋಶವನ್ನು ಹೊಕ್ಕು, ಅಲ್ಲಿ ಎ.ಟಿ.ಪಿ. ಎಂಬ ಪದಾರ್ಥವಾಗಿ ಬದಲಾಗಬೇಕು. ದೇಹದ ವ್ಯವಹಾರವೆಲ್ಲ ನಡೆಯುವುದು ಈ ನಾಣ್ಯದಲ್ಲೇ. ಇದನ್ನು 1929ರಲ್ಲಿ ಜರ್ಮನಿಯ ಕಾರ್ಲ್ ಲೋಹ್‌ಮನ್ ಕಂಡುಹಿಡಿದರು. ಅದೇ ಹೊತ್ತಿಗೆ ಅಮೆರಿಕದ ಹಾರ್ವರ್ಡಿನಲ್ಲಿ ಫಿಸ್ಕೆಯವರೊಡನೆ ಸ್ವತಂತ್ರವಾಗಿ ಕಂಡುಹಿಡಿದವರು ನಮ್ಮ ನೆರೆಯ ಆಂಧ್ರದ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಈ ಹೆಸರು ನಮ್ಮ ಇತಿಹಾಸದ ಪಠ್ಯಪುಸ್ತಕಗಳಲ್ಲಿ ಏಕಿಲ್ಲವೋ ತಿಳಿಯದು. ಎ.ಟಿ.ಪಿ.ಯನ್ನು ಕೂಡಿಡಲು ಬಾರದು. ಯಾವ ಗಳಿಗೆಯಲ್ಲಿ ನೋಡಿದರೂ ದೇಹದಲ್ಲಿರುವುದು ಹಿಡಿಯಷ್ಟೇ. ಆದರೆ ಒಂದು ದಿನದಲ್ಲಿ ಮನುಷ್ಯ ಸುಮಾರು ತನ್ನ ಮೈತೂಕದಷ್ಟನ್ನು ಹುಟ್ಟಿಸಿ ಖರ್ಚು ಮಾಡುತ್ತಾನೆ. ದಿನಗೂಲಿಯವನ ಸಂಸಾರದಂತೆ, ಅಂದು ದುಡಿದದ್ದು ಅಂದಿಗೇ.

ಇದರ ಬಹುಪಾಲು ಹುಟ್ಟುವುದು ಜೀವಕೋಶದೊಳಗಿನ ಮೈಟೊಕಾಂಡ್ರಿಯ ಎಂಬ ಸೂಕ್ಷ್ಮಾಂಗಗಳಲ್ಲಿ. ಒಂದೊಂದು ಕೋಶದಲ್ಲಿಯೂ ಇವು ನೂರಾರು, ಕೆಲವೆಡೆ ಸಾವಿರಾರು. ಹೆಚ್ಚು ದುಡಿಯುವ ಅಂಗದಲ್ಲಿ ಹೆಚ್ಚು. ಕುಣಿಗಲಿನ ಫಾರಮ್ಮಿನಲ್ಲಿ ಬೆಳೆದ ರೇಸಿನ ಕುದುರೆಯ ತೊಡೆಯಲ್ಲಿ ಇವು ಒತ್ತೊತ್ತಾಗಿರುತ್ತವೆ. ಮನುಷ್ಯನಲ್ಲಿ ಹೃದಯ, ಮಾಂಸಖಂಡ, ಮಿದುಳು ಇವುಗಳಲ್ಲಿ. ಮಿದುಳು ಮೈತೂಕದಲ್ಲಿ ನೂರಕ್ಕೆ ಎರಡು ಪಾಲಾದರೂ, ಸುಮ್ಮನೆ ಮಲಗಿದ್ದಾಗ ದೇಹದ ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತರಷ್ಟನ್ನು ಅದೊಂದೇ ತಿನ್ನುತ್ತದೆ. ಶಕ್ತಿಗೆ ಕೊರತೆ ಬಂದರೆ ಮೊದಲು ಕೆಡುವುದು ಏನೆಂದು ಇದರಿಂದಲೇ ಊಹಿಸಬಹುದು.

ಮೈಟೊಕಾಂಡ್ರಿಯಕ್ಕೆ ಎರಡು ಪೊರೆಗಳು. ಒಳಪೊರೆಯಲ್ಲಿ ನಾಲ್ಕು ದೊಡ್ಡ ಯಂತ್ರಗಳು ಸಾಲಾಗಿ ಕೆಲಸ ಮಾಡುತ್ತವೆ. ವಿಜ್ಞಾನಿಗಳು ಇವನ್ನು ಒಂದನೆಯ, ಎರಡನೆಯ, ಮೂರನೆಯ, ನಾಲ್ಕನೆಯ ಸಂಕೀರ್ಣಗಳೆಂದು ಕರೆಯುತ್ತಾರೆ. ಮನೆಗೆ ಮೋಲ್ಡ್ ಹಾಕುವ ದಿನ ನಮ್ಮ ತಂದೆಯ ಆಳುಗಳು ಕೆಳಗಿನಿಂದ ಮೇಲಕ್ಕೆ ಸಾಲಾಗಿ ನಿಂತು ಕಾಂಕ್ರೀಟು ತುಂಬಿದ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುವುದನ್ನು ನೀವು ನೋಡಿದ್ದರೆ ಈ ಸಾಲಿನ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಇಲ್ಲಿ ಕೈಯಿಂದ ಕೈಗೆ ದಾಟುವುದು ಆಹಾರದಿಂದ ಬಿಡಿಸಿದ ಎಲೆಕ್ಟ್ರಾನು. ನಡುವೆ ಅದನ್ನು ಹೊತ್ತೊಯ್ಯುವ ಒಂದು ಪದಾರ್ಥ ಯೂಬಿಕ್ವಿನೋನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ. ರಾಮಶರ್ಮ ಅವರು ಬಹುಕಾಲ ಸಂಶೋಧನೆ ಮಾಡಿದ್ದು ಇದರ ಮೇಲೆಯೇ. ಸಾಲಿನ ಕೊನೆಯಲ್ಲಿ ನಿಂತಿರುವುದು ನಾಲ್ಕನೆಯ ಸಂಕೀರ್ಣ. ಅದು ಎಲೆಕ್ಟ್ರಾನುಗಳನ್ನು ಆಮ್ಲಜನಕಕ್ಕೆ ಒಪ್ಪಿಸಿ ನೀರು ಮಾಡುತ್ತದೆ. ನಾವು ಎಳೆದುಕೊಂಡ ಆಮ್ಲಜನಕದ ಬಹುಭಾಗ ಮುಗಿಯುವುದು ಈ ಒಂದು ಸ್ಥಳದಲ್ಲಿ. ಉಸಿರಾಡುವುದು ಮೂಗಿನ ಕೆಲಸವೆಂದು ನಾವು ತಿಳಿದಿದ್ದೇವೆ. ಉಸಿರಿನ ಅಸಲು ಕೆಲಸ ನಡೆಯುವುದು ಇಲ್ಲಿ. ಸಯನೈಡು ಮನುಷ್ಯನನ್ನು ಕೊಲ್ಲುವುದೂ ಈ ನಾಲ್ಕನೆಯ ಸಂಕೀರ್ಣದ ಕೈ ಹಿಡಿದು ನಿಲ್ಲಿಸುವುದರಿಂದಲೇ.

ಎಲೆಕ್ಟ್ರಾನು ದಾಟುವಾಗ ಹುಟ್ಟುವ ಬಲದಿಂದ ಈ ಯಂತ್ರಗಳಲ್ಲಿ ಮೂರು ಪ್ರೋಟಾನುಗಳನ್ನು ಒಳಪೊರೆಯ ಆಚೆಗೆ ಪಂಪು ಮಾಡುತ್ತವೆ. ಅವು ಅಲ್ಲಿ ಅಣೆಕಟ್ಟಿನ ನೀರಿನಂತೆ ತುಂಬಿ, ಮರಳಿ ಒಳಗೆ ಇಳಿಯುವಾಗ ಒಂದು ತಿರುಗಣೆಯನ್ನು ತಿರುಗಿಸಿ ಎ.ಟಿ.ಪಿ.ಯನ್ನು ಹುಟ್ಟಿಸುತ್ತವೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರು ಇಳಿದು ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹೋಯಿತಷ್ಟೆ, ಅದೇ ಉಪಾಯ. 1961ರಲ್ಲಿ ಪೀಟರ್ ಮಿಚೆಲ್ ಎಂಬ ಆಂಗ್ಲ ವಿಜ್ಞಾನಿ ಇದನ್ನು ಹೇಳಿದಾಗ ಹಲವರು ನಂಬಲಿಲ್ಲ. 1978ರಲ್ಲಿ ನೊಬೆಲ್ ಬಹುಮಾನ ಕೊಟ್ಟರು.

ಸಾಲಿನ ಕೊನೆಯ ಆಳು ಕೈಚೆಲ್ಲಿದರೆ ಏನಾಗುತ್ತದೆ? ಕೆಳಗಿನವರೆಲ್ಲ ತುಂಬಿದ ಬಾಂಡ್ಲಿ ಹಿಡಿದು ನಿಲ್ಲಬೇಕಾಗುತ್ತದೆ. ಆಮ್ಲಜನಕ ಮೈಯಲ್ಲಿದ್ದೂ ಬಳಕೆಯಾಗದು. ಒಂದು ಸಕ್ಕರೆಯ ಅಣುವಿನಿಂದ ಸುಮಾರು 30 ಎ.ಟಿ.ಪಿ. ಪಡೆಯಬೇಕಾದ ಕೋಶ, ಆಮ್ಲಜನಕವಿಲ್ಲದ ಹಳೆಯ ದಾರಿಯಲ್ಲಿ 2ನ್ನು ಪಡೆದು ಹೊಟ್ಟೆ ಹೊರೆಯಬೇಕು. ಆ ದಾರಿಯ ಕಸವೇ ಲ್ಯಾಕ್ಟೇಟ್. ಓಡಿ ದಣಿದವನ ರಕ್ತದಲ್ಲಿ ಅದು ಏರಿ ಇಳಿಯುತ್ತದೆ. ತೊಟ್ಟಿಲಲ್ಲಿ ಮಲಗಿದ್ದ ನಮ್ಮ ಮಗುವಿನ ರಕ್ತ ಹಗಲಿರುಳು ಓಡುವವನ ರಕ್ತದಂತಿತ್ತು.

ಈಗ ಸರ್ಫ್–1ಕ್ಕೆ ಬರುತ್ತೇನೆ. ಇದು ಒಂಬತ್ತನೆಯ ವರ್ಣತಂತುವಿನ ಉದ್ದ ತೋಳಿನ ತುದಿಯ ಬಳಿ ಇರುವ ಒಂದು ವಂಶವಾಹಿ. ಅಲ್ಲಿ ಹಲವು ವಂಶವಾಹಿಗಳು ಒಂದರ ಪಕ್ಕಕ್ಕೊಂದು ಬಹಳ ಇಕ್ಕಟ್ಟಾಗಿ ಇರುವುದರಿಂದ ಆ ಗುಂಪಿಗೆ ಇಂಗ್ಲಿಷಿನಲ್ಲಿ ‘ಸರ್‌ಫೀಟ್’, ಎಂದರೆ ಅತಿಯಾದದ್ದು, ಎಂದು ಹೆಸರಿಟ್ಟರು. ಅದರ ಮೊದಲ ಸದಸ್ಯ ಸರ್ಫ್–1. ಒಗೆಯುವ ಪುಡಿಗೂ ಇದಕ್ಕೂ ಏನೂ ನಂಟಿಲ್ಲವೆಂದು ಅಮ್ಮನಿಗೆ ಹೇಳಿದೆ. ಇದು 300 ಅಮೈನೊ ಆಮ್ಲಗಳ ಒಂದು ಪ್ರೋಟೀನನ್ನು ಬರೆಯುತ್ತದೆ. 1998ರಲ್ಲಿ, ಕೆನಡದಲ್ಲೊಂದು ಇಟಲಿಯಲ್ಲೊಂದು, ಎರಡು ತಂಡಗಳು ಬೇರೆ ಬೇರೆಯಾಗಿ ಹುಡುಕಿ, ನಾಲ್ಕನೆಯ ಸಂಕೀರ್ಣ ಕೆಟ್ಟ ಲೀ ರೋಗದ ಮಕ್ಕಳಲ್ಲಿ ಈ ವಂಶವಾಹಿ ಒಡೆದಿರುವುದನ್ನು ತೋರಿಸಿದವು.

ವಿಚಿತ್ರವೆಂದರೆ ಸರ್ಫ್–1ರ ಪ್ರೋಟೀನು ನಾಲ್ಕನೆಯ ಸಂಕೀರ್ಣದ ಭಾಗವೇ ಅಲ್ಲ. ಆ ಯಂತ್ರವನ್ನು ಬಿಚ್ಚಿ ನೋಡಿದರೆ ಹದಿನಾಲ್ಕರಷ್ಟು ಬಿಡಿಭಾಗಗಳು ಸಿಗುತ್ತವೆ, ಇದು ಸಿಗುವುದಿಲ್ಲ. ಇದನ್ನು ತಂದೆಗೆ ಹೇಳುವಾಗ ನನಗೇ ತೊಡಕಾಯಿತು. ಅವರೇ ದಾರಿ ತೋರಿಸಿದರು: “ಸಾರುವೆ ಇದ್ದಂಗೆ ಅನ್ನು.” ಅದಕ್ಕಿಂತ ಒಳ್ಳೆಯ ವಿವರಣೆ ನನಗೆ ಯಾವ ಪುಸ್ತಕದಲ್ಲಿಯೂ ಸಿಗಲಿಲ್ಲ. ಗೋಡೆ ಏಳುವಾಗ ಸಾರುವೆ ಕಟ್ಟುತ್ತಾರೆ, ಗೃಹಪ್ರವೇಶದ ದಿನ ಅದು ಇರುವುದಿಲ್ಲ. ಸರ್ಫ್–1ರ ಪ್ರೋಟೀನು ಒಳಪೊರೆಯಲ್ಲಿ ನಿಂತು ಸಂಕೀರ್ಣದ ಬಿಡಿಭಾಗಗಳು ಕೂಡಿಕೊಳ್ಳಲು ಆಸರೆ ಕೊಡುತ್ತದೆ. ಮುಖ್ಯವಾಗಿ ಕಬ್ಬಿಣವುಳ್ಳ ಹೀಮ್–ಎ ಎಂಬ ಅಂಶವನ್ನು ಅದರ ಜಾಗದಲ್ಲಿ ಕೂರಿಸಲು ನೆರವಾಗುತ್ತದೆಂದು ವಿಜ್ಞಾನಿಗಳ ಅಭಿಪ್ರಾಯ. ಸಾರುವೆಯಿಲ್ಲದೆಯೂ ಗೋಡೆ ಒಂದಾಳೆತ್ತರ ಏಳುತ್ತದೆ. ಹಾಗೆಯೇ ಈ ಮಕ್ಕಳಲ್ಲಿಯೂ ನಾಲ್ಕನೆಯ ಸಂಕೀರ್ಣ ಅಷ್ಟಿಷ್ಟು ತಯಾರಾಗುತ್ತದೆ. ಆದ್ದರಿಂದಲೇ ಮಗು ನೆಟ್ಟಗೆ ಹುಟ್ಟುತ್ತದೆ, ಕೆಲವು ತಿಂಗಳು ಬೆಳೆಯುತ್ತದೆ, ನಗುತ್ತದೆ. ಮಿದುಳಿನ ಬೇಡಿಕೆ ಏರಿದಾಗ ಅಥವಾ ಜ್ವರ ಬಂದು ಮೈಯ ಖರ್ಚು ಒಮ್ಮೆಗೇ ಹೆಚ್ಚಿದಾಗ ಅಷ್ಟು ಸಾಲದಾಗುತ್ತದೆ. ಎಂಟು ತಿಂಗಳು ಚೆನ್ನಾಗಿದ್ದ ಮಗುವಿಗೆ ಯಾರ ಕಣ್ಣು ಬಿತ್ತೋ ಎಂದು ಅಕ್ಕ ಕೇಳುತ್ತಿದ್ದ ಪ್ರಶ್ನೆಗೆ ಇಷ್ಟೇ ಉತ್ತರ.

ಇನ್ನೊಂದು ಸಂಗತಿಯನ್ನು ಓದಿ ಬೆರಗಾದೆ. 2007ರಲ್ಲಿ ಇಟಲಿಯ ವಿಜ್ಞಾನಿಗಳು ಇದೇ ವಂಶವಾಹಿಯನ್ನು ಇಲಿಗಳಲ್ಲಿ ಕೆಡಿಸಿ ನೋಡಿದರೆ, ಆ ಇಲಿಗಳು ಬೇರೆ ಇಲಿಗಳಿಗಿಂತ ಹೆಚ್ಚು ಕಾಲ ಬದುಕಿದವಂತೆ! ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯನಲ್ಲಿ ಕಾಣಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಅಜ್ಜಿಯ ‘ಕೆಟ್ಟ ಹಾಲಿ’ನ ಮಾತನ್ನು ನಾನು ಪೂರ್ತಿ ತಳ್ಳಿಹಾಕುವ ಮೊದಲು ಒಂದು ಮಾತು ಹೇಳಬೇಕು. ಆಹಾರದಿಂದ ಶಕ್ತಿ ಬಿಡಿಸಲು ಥಯಮಿನ್, ಎಂದರೆ ಬಿ–1 ಜೀವಸತ್ವ, ಬೇಕು. ಬಾಣಂತಿಗೆ ಪಥ್ಯವೆಂದು ತಿಂಗಳುಗಟ್ಟಲೆ ಪಾಲಿಷ್ ಮಾಡಿದ ಅಕ್ಕಿಯ ಅನ್ನವನ್ನೇ ಇಕ್ಕಿ, ಬೇಳೆ ಕಾಳು ಸೊಪ್ಪುಗಳನ್ನು ತಪ್ಪಿಸಿದರೆ ಆಕೆಯ ಹಾಲಿನಲ್ಲಿ ಥಯಮಿನ್ ಕಡಿಮೆಯಾಗಿ ಮಗುವಿನ ಮಿದುಳು ಕೆಡಬಹುದು. ಚಿತ್ರದಲ್ಲಿ ಅದು ಲೀ ರೋಗದಂತೆಯೇ ಕಾಣಬಹುದು. ಕರ್ನಾಟಕದ ವೈದ್ಯರು ಇಂಥ ಮಕ್ಕಳನ್ನು ಕಂಡಿದ್ದಾರೆ. ಸಕಾಲದಲ್ಲಿ ಥಯಮಿನ್ ಕೊಟ್ಟರೆ ಇಂಥವರು ಚೇತರಿಸಿಕೊಳ್ಳುತ್ತಾರೆ. ಆದ್ದರಿಂದ ಬೆಂಗಳೂರಿನ ವೈದ್ಯರು ವರದಿಗಾಗಿ ಕಾಯದೆ ಮೊದಲ ದಿನವೇ ಥಯಮಿನ್ ಚುಚ್ಚಿದರು. ನಮ್ಮ ಮಗುವಿಗೆ ಅದರಿಂದ ಏನೂ ಆಗಲಿಲ್ಲ. ಸರ್ಫ್–1 ಕೆಟ್ಟಾಗ ಅದನ್ನು ಗುಣಪಡಿಸುವ ಔಷಧ ಇನ್ನೂ ಬಂದಿಲ್ಲ. ಜೀವಸತ್ವಗಳನ್ನೂ ಯೂಬಿಕ್ವಿನೋನನ್ನೂ ಕೊಟ್ಟು, ಮೂಗಿನ ನಳಿಗೆಯಿಂದ ಹಾಲು ಹನಿಸಿ, ಉಸಿರಿಗೆ ಆಸರೆ ಕೊಡುತ್ತಾರೆ. ಅಷ್ಟೇ.

ವರದಿ ಬಂದ ಮೇಲೆ ಹಾಲಿನ ಮಾತು ನಿಂತಿತು, ಆದರೆ ಹೊಸ ಮಾತೊಂದು ಹುಟ್ಟಿತು. ಔಷಧದ ಅಂಗಡಿಯಲ್ಲಿ ಕೆಲಸಕ್ಕಿರುವ ನಮ್ಮ ನೆಂಟರೊಬ್ಬರು ‘ಮೈಟೊಕಾಂಡ್ರಿಯ’ ಎಂಬ ಪದವನ್ನು ಓದಿ, ಅದು ತಾಯಿಯಿಂದಲೇ ಬರುವುದೆಂದು ಬುದ್ಧಿವಂತಿಕೆಯಿಂದ ಸಾರಿದರು. ಅಲ್ಲಿಗೆ ಅಕ್ಕನ ಹಾಲಿನಲ್ಲಿದ್ದ ದೋಷ ಅಕ್ಕನ ಒಡಲಿಗೆ ಹೋಯಿತು. ಮಾವನಿಗೆ ಬೇರೆ ಹೆಣ್ಣು ತರುವ ಪಿಸುಮಾತೂ ಕಿವಿಗೆ ಬಿತ್ತು. ನಾನು ಗ್ರಂಥಾಲಯದಲ್ಲಿ ಕುಳಿತದ್ದು ಆ ವಾರ.

ನೆಂಟರ ಮಾತಿನಲ್ಲಿ ಅರ್ಧ ಸತ್ಯವಿದೆ. ಮೈಟೊಕಾಂಡ್ರಿಯಕ್ಕೆ ತನ್ನದೇ ಆದ ಚಿಕ್ಕ ಡಿ.ಎನ್.ಎ. ಇದೆ, 1981ರಲ್ಲಿ ಕೇಂಬ್ರಿಡ್ಜಿನಲ್ಲಿ ಅದನ್ನು ಪೂರ್ತಿ ಓದಿದರು. 16,569 ಅಕ್ಷರಗಳು, 37 ವಂಶವಾಹಿಗಳು. ಇದು ತಾಯಿಯ ಅಂಡದಿಂದಲೇ ಮಗುವಿಗೆ ಬರುತ್ತದೆ. ಇದರಲ್ಲಿ ತಪ್ಪಿದ್ದರೆ ಬರುವ ರೋಗಗಳು ತಾಯಿಯ ಕಡೆಯಿಂದ ಇಳಿಯುತ್ತವೆ. ಲೀ ರೋಗವೂ ಕೆಲವು ಮನೆಗಳಲ್ಲಿ ಹೀಗೆ ಬರುವುದುಂಟು. ಆದರೆ ಆ 37ರಲ್ಲಿ ಪ್ರೋಟೀನು ಬರೆಯುವಂಥವು 13 ಮಾತ್ರ. ಮೈಟೊಕಾಂಡ್ರಿಯಕ್ಕೆ ಬೇಕಾದ ಸಾವಿರಕ್ಕೂ ಮೀರಿದ ಉಳಿದ ಪ್ರೋಟೀನುಗಳನ್ನು ಬರೆಯುವ ವಂಶವಾಹಿಗಳು ಕೋಶಕೇಂದ್ರದಲ್ಲಿವೆ, ಎಂದರೆ ತಾಯಿತಂದೆ ಇಬ್ಬರಿಂದಲೂ ಒಂದೊಂದು ಪ್ರತಿಯಾಗಿ ಬರುತ್ತವೆ. ಲೀ ರೋಗಕ್ಕೆ ಕಾರಣವಾಗಬಲ್ಲ ವಂಶವಾಹಿಗಳು ಎಪ್ಪತ್ತೈದಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ಕೋಶಕೇಂದ್ರದವೇ. ಸರ್ಫ್–1 ಅಂಥದ್ದು. ಒಂದು ಪ್ರತಿ ಕೆಟ್ಟರೆ ಇನ್ನೊಂದು ಸಾಕಾಗುತ್ತದೆ, ಮನುಷ್ಯ ಎಂಬತ್ತು ವರ್ಷ ಆರೋಗ್ಯವಾಗಿ ಬಾಳುತ್ತಾನೆ. ಎರಡೂ ಕೆಟ್ಟಾಗಲೇ ರೋಗ. ಮಗುವಿನ ಎರಡೂ ಪ್ರತಿಗಳಲ್ಲಿ ಒಂದೇ ತಪ್ಪು, ಒಂದೇ ಜಾಗದಲ್ಲಿತ್ತು. ಅಕ್ಕನ ರಕ್ತವನ್ನೂ ಮಾವನ ರಕ್ತವನ್ನೂ ಪರೀಕ್ಷಿಸಿದಾಗ ಇಬ್ಬರಲ್ಲಿಯೂ ಒಂದೊಂದು ಪ್ರತಿ ಕೆಟ್ಟದ್ದೇ ಕಂಡಿತು. ಅರ್ಧ ಅವಳದು, ಅರ್ಧ ಅವನದು, ಸರಿಸಮ.

ಅಷ್ಟು ಅಪರೂಪದ ಒಂದೇ ತಪ್ಪು ಇಬ್ಬರಲ್ಲಿಯೂ ಹೇಗೆ ಬಂತು? ಇಲ್ಲಿ ನಮ್ಮ ಕಡೆಯ ಮದುವೆಯ ಪದ್ಧತಿಗೆ ಬರಬೇಕಾಗುತ್ತದೆ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾವ್, ಎ.ಎಚ್. ಬಿಟಲ್ಸ್ ಮೊದಲಾದವರು ಬೆಂಗಳೂರು ಮೈಸೂರುಗಳ ಹೆರಿಗೆಯ ಆಸ್ಪತ್ರೆಗಳಲ್ಲಿ ಸಾವಿರಾರು ತಾಯಂದಿರನ್ನು ವಿಚಾರಿಸಿದಾಗ, ಸುಮಾರು ಮೂರು ಮದುವೆಗಳಲ್ಲಿ ಒಂದು ರಕ್ತಸಂಬಂಧದಲ್ಲಿ ಆದದ್ದೆಂದು ತಿಳಿಯಿತು. ಸೋದರಮಾವ ಸೊಸೆಯರ ಮದುವೆಗಳೂ ಅದರಲ್ಲಿ ಸಾಕಷ್ಟಿದ್ದವು. 1955ರ ಹಿಂದೂ ವಿವಾಹ ಕಾಯಿದೆ ಈ ಸಂಬಂಧವನ್ನು ನಿಷೇಧಿಸಿ, ರೂಢಿಯಿದ್ದಲ್ಲಿ ಮಾತ್ರ ಬಿಟ್ಟುಕೊಟ್ಟಿದೆ. ರೂಢಿ ನಮ್ಮಲ್ಲಿ ಇದ್ದೇ ಇತ್ತು. ಮಗುವಿನ ಯಾವುದೇ ವಂಶವಾಹಿಯ ಎರಡು ಪ್ರತಿಗಳೂ ಒಬ್ಬರೇ ಹಿರಿಯರ ಒಂದೇ ಪ್ರತಿಯಿಂದ ಇಳಿದು ಬಂದಿರುವ ಸಂಭವ, ಸೋದರಮಾವ ಸೊಸೆಯರ ಮಗುವಿನಲ್ಲಿ 8ಕ್ಕೆ 1. ಅತ್ತೆ ಮಾವಂದಿರ ಮಕ್ಕಳು ಕೂಡಿದಾಗ 16ಕ್ಕೆ 1. ಹೀಗೆ ಮದುವೆಯಾದವರಲ್ಲಿ ಹೆಚ್ಚಿನವರ ಮಕ್ಕಳು ಗಟ್ಟಿಮುಟ್ಟಾಗಿಯೇ ಇರುತ್ತಾರೆಂಬುದನ್ನೂ ಹೇಳಬೇಕು. ಹೊಲ ಹಂಚಿಹೋಗದಿರಲಿ, ಹೆಣ್ಣು ಗೊತ್ತಿದ್ದ ಮನೆಯಲ್ಲಿ ಸುಖವಾಗಿರಲಿ ಎಂದು ಮಾಡಿದ ಏರ್ಪಾಡು ಅದು. ಗೊತ್ತಿದ್ದ ಮನೆಯಲ್ಲಿ ಅಕ್ಕ ಎಷ್ಟು ಸುಖಪಟ್ಟಳೆಂಬುದನ್ನು ಮೇಲೆ ಹೇಳಿದ್ದೇನೆ.

ಲೆಕ್ಕ ನನ್ನ ತನಕವೂ ಬರುತ್ತದೆ. ಮಾವನಿಗೂ ಅಕ್ಕನಿಗೂ ಅದೇ ತಪ್ಪು ಬಂದಿದೆಯೆಂದರೆ ಅಕ್ಕನಿಗೆ ಅಮ್ಮನಿಂದ ಬಂದಿರಬೇಕು. ಮಾವನಿಗೂ ಅಮ್ಮನಿಗೂ ಅಜ್ಜಿಯಿಂದಲೋ ತಾತನಿಂದಲೋ ಬಂದಿರಬೇಕು. ಆದ್ದರಿಂದ ನನ್ನಲ್ಲಿ ಅದು ಇರುವ ಸಂಭವ 2ಕ್ಕೆ 1. ನನಗೆ ಗೊತ್ತುಮಾಡಿದ್ದ ವರ ದೊಡ್ಡ ಮಾವನ ಮಗ. ದೊಡ್ಡ ಮಾವನಲ್ಲಿ ಇರುವ ಸಂಭವ 2ಕ್ಕೆ 1, ಅವರ ಮಗನಲ್ಲಿ 4ಕ್ಕೆ 1. ಇಬ್ಬರಲ್ಲಿಯೂ ಇದ್ದರೆ ಪ್ರತಿಯೊಂದು ಮಗುವಿಗೂ ರೋಗದ ಸಂಭವ 4ಕ್ಕೆ 1. ಎಲ್ಲ ಗುಣಿಸಿದರೆ 32ಕ್ಕೆ 1. ಇದನ್ನು ತಂದೆಯ ಮುಂದೆ ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, “ಮೂವತ್ತೆರಡು ಮನೇಲಿ ಒಂದು ಬೀಳ್ತದೆ ಅಂತ ಗೊತ್ತಿದ್ರೆ ನಾನು ಪಾಯ ತೋಡಲ್ಲ” ಎಂದು, ಮರುದಿನ ದೊಡ್ಡ ಮಾವನ ಮನೆಗೆ ಹೋಗಿ ಬಂದರು. ಅಲ್ಲಿ ಏನು ಮಾತಾಯಿತೋ ನನಗೆ ಹೇಳಲಿಲ್ಲ. ನಾನು ಬಿ.ಎ. ಮುಗಿಸುವವರೆಗೆ ಆ ಮಾತು ಬೇಡವೆಂದಷ್ಟೇ ಹೇಳಿದರು.

ಅಜ್ಜಿಗೆ ಇದನ್ನೆಲ್ಲ ಹೇಳಿದ್ದು ಯುಗಾದಿಗೆ ಹೋದಾಗ. ಸ್ಲೇಟು, ಸಂಕೀರ್ಣ ಯಾವುದೂ ಆಕೆಗೆ ಬೇಡವಾಗಿತ್ತು. ಅವರೆಕಾಳಿನಲ್ಲಿ ಹೇಳಿದೆ: ಒಬ್ಬೊಬ್ಬರಿಗೂ ಎರಡೆರಡು ಕಾಳು, ಒಂದು ಹುಳುಕಾದರೆ ಇನ್ನೊಂದು ಮೊಳೆಯುತ್ತದೆ, ಎರಡೂ ಹುಳುಕಾದರೆ ಇಲ್ಲ. ಕಾಳುಗಳನ್ನು ಅಜ್ಜಿ ತಾತರಿಂದ ಅಮ್ಮನಿಗೆ, ಮಾವನಿಗೆ, ಅಮ್ಮನಿಂದ ಅಕ್ಕನಿಗೆ, ಕೊನೆಗೆ ಮಗುವಿನ ಜಾಗಕ್ಕೆ ಸರಿಸುತ್ತ ಬಂದೆ. ಆಕೆ ಕಾಳುಗಳನ್ನು ಹಿಂದಕ್ಕೆ ಸರಿಸಿ ಮತ್ತೊಮ್ಮೆ ತಾನೇ ನಡೆಸಿ ನೋಡಿದಳು.

“ಹಂಗಾರೆ ನನ್ನೊಳಗೂ ಅದಿತ್ತೇನವ್ವ?”

“ನಿನ್ನೊಳಗೋ ತಾತನೊಳಗೋ, ಯಾರಿಗೆ ಗೊತ್ತು ಅಜ್ಜಿ.”

ತಾತ ಹೋಗಿ ಹನ್ನೆರಡು ವರ್ಷವಾಯಿತು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ತನಗೆ ಅಮ್ಮನ ನಂತರ ಹುಟ್ಟಿ ವರ್ಷ ತುಂಬುವುದರೊಳಗೆ ಕತ್ತು ನಿಲ್ಲದೆ ಹೋದ ಕೂಸೊಂದರ ಮಾತು ತೆಗೆದಳು. ತಾತನೂ ಅಜ್ಜಿಯೂ ಅತ್ತೆ ಮಾವಂದಿರ ಮಕ್ಕಳೆಂಬುದು ನನಗೆ ಗೊತ್ತಾದದ್ದು ಆಗಲೇ. ಆ ಕೂಸಿಗೆ ಏನಾಗಿತ್ತೆಂದು ಈಗ ಯಾರೂ ಹೇಳಲಾರರು. ಅಕ್ಕ ಒಳಗೆ ಒಲೆಯ ಮುಂದೆ ಇದ್ದಳು; ಎಲ್ಲವೂ ಕೇಳಿಸಿತ್ತು.

ಅಕ್ಕ ಈಗ ಮತ್ತೆ ಬಸುರಿ. ನಾಲ್ಕರಲ್ಲಿ ಒಂದು ಪಾಲು ಭಯ ಇದ್ದೇ ಇದೆ. ಆದರೆ ತಪ್ಪು ಎಲ್ಲಿದೆಯೆಂಬುದು ತಿಳಿದಿರುವುದರಿಂದ, ಹನ್ನೊಂದನೆಯ ವಾರದ ಬಳಿಕ ಮಾಸಿನ ಒಂದು ಚೂರನ್ನು ಸೂಜಿಯಿಂದ ತೆಗೆದು ಅದೊಂದು ಜಾಗವನ್ನು ಪರೀಕ್ಷಿಸಿ ಹೇಳಬಹುದು. 1994ರ ಕಾಯಿದೆಯಂತೆ ಇದನ್ನು ನೋಂದಾಯಿತ ಕೇಂದ್ರದಲ್ಲೇ ಮಾಡಬೇಕು. ಗಂಡೋ ಹೆಣ್ಣೋ ಎಂಬುದನ್ನು ಮಾತ್ರ ಹೇಳುವುದಿಲ್ಲ. ಈ ಬರೆಹವನ್ನು ಸಂಪಾದಕರ ಕೈಗೆ ಕೊಡುವ ಹೊತ್ತಿಗೆ ಅವಳಿಗೆ ಹನ್ನೆರಡನೆಯ ವಾರ. ಬರುವ ಬುಧವಾರ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೊರಟಿದ್ದೇವೆ: ಅಕ್ಕ, ಮಾವ, ಕಾಗದಗಳ ಚೀಲ ಹಿಡಿದು ನಾನು. ಅಜ್ಜಿ ತಾನೂ ಬರುತ್ತೇನೆಂದು ನಿನ್ನೆ ಹೇಳಿ ಕಳುಹಿಸಿದ್ದಾಳೆ. ತನ್ನ ರಕ್ತವನ್ನೂ ನೋಡಬೇಕಂತೆ.